ಟವರ್ ಸುಮ್ಮನಾದಾಗ ಸಿಗುವ ವಿಳಾಸ

ರೇಡಿಯೊ ತರಂಗ ಒಂದು ಮೈಕ್ರೊಸೆಕೆಂಡಿನಲ್ಲಿ 300 ಮೀಟರ್ ಓಡುತ್ತದೆ. ಮೊಬೈಲ್ ಟವರಿನ ಸಿಗ್ನಲ್ ಬಂದು ಮುಟ್ಟಿದ ಹೊತ್ತನ್ನು ಅಳೆದು ಫೋನ್ ಇರುವ ಜಾಗ ಹೇಳಹೊರಟರೆ, ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲು ಹೆಚ್ಚುಕಮ್ಮಿಯಾದರೂ ಬೀದಿಯೇ ತಪ್ಪಿಹೋಗುತ್ತದೆ. ಜಿಪಿಎಸ್ ಇರುವಾಗ ಈ ಉಸಾಬರಿ ಏಕೆ? ಸುಮಾರು 20,200 ಕಿ.ಮೀ. ಎತ್ತರದ ಉಪಗ್ರಹದಿಂದ ಬರುವ ಕ್ಷೀಣ ಸಿಗ್ನಲ್ ನೆಲಮಾಳಿಗೆಯಲ್ಲಿ, ಕಾಂಕ್ರೀಟ್ ಮಹಡಿಗಳ ನಡುವೆ, ಕಾರ್ಖಾನೆಯ ತಗಡಿನ ಸೂರಿನಡಿ ಕೈಕೊಡುತ್ತದೆ. ಇಂಥ ಎಷ್ಟೋ ಕಡೆ ಮೊಬೈಲ್ ನೆಟ್‌ವರ್ಕ್ ಮಾತ್ರ ಸಿಗುತ್ತಿರುತ್ತದೆ. ಆ ನೆಟ್‌ವರ್ಕನ್ನೇ ಅಳತೆಗೋಲು ಮಾಡಿಕೊಳ್ಳುವ ವಿದ್ಯೆ ಕಳೆದ ಒಂದೂವರೆ ದಶಕದಲ್ಲಿ ಸದ್ದಿಲ್ಲದೆ ಬೆಳೆದಿದೆ.

ತುರ್ತು ಕರೆಯಿಂದ ಶುರು

ಇದಕ್ಕೆ ಮೊದಲ ಒತ್ತಡ ಬಂದದ್ದು ಅಮೆರಿಕದಿಂದ. ಮೊಬೈಲಿನಿಂದ ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಿದವರು ಎಲ್ಲಿದ್ದಾರೆಂದು ಕಂಪನಿಗಳೇ ತಿಳಿಸಬೇಕೆಂದು ಅಲ್ಲಿನ ಸಂಪರ್ಕ ಆಯೋಗ ಎಫ್‌ಸಿಸಿ 1996ರಲ್ಲಿ ನಿಯಮ ಮಾಡಿತು. ಮೊಬೈಲ್ ತಂತ್ರಜ್ಞಾನದ ಮಾನದಂಡ ರೂಪಿಸುವ ಜಾಗತಿಕ ಕೂಟ 3ಜಿಪಿಪಿ. ಏಳು ಮಾನದಂಡ ಸಂಸ್ಥೆಗಳು ಸೇರಿರುವ ಈ ಕೂಟದಲ್ಲಿ ಭಾರತದ ಟಿಎಸ್‌ಡಿಎಸ್‌ಐ ಕೂಡ ಇದೆ. 4ಜಿಗಾಗಿ 3ಜಿಪಿಪಿ ತನ್ನ ಮಾನದಂಡದ ಆವೃತ್ತಿ ‘ರಿಲೀಸ್ 9’ರಲ್ಲಿ ಒಂದು ವಿಶೇಷ ಸಿಗ್ನಲ್ ಸೇರಿಸಿತು: ಪೊಸಿಷನಿಂಗ್ ರೆಫರೆನ್ಸ್ ಸಿಗ್ನಲ್, ಚಿಕ್ಕದಾಗಿ ಪಿಆರ್‌ಎಸ್. ಇದರಲ್ಲಿ ಮಾತೂ ಇಲ್ಲ, ವಿಡಿಯೊವೂ ಇಲ್ಲ. ಫೋನಿಗೆ ಮೊದಲೇ ಗೊತ್ತಿರುವ ಒಂದು ವಿನ್ಯಾಸ ಅಷ್ಟೆ. ಅದು ಯಾವ ಕ್ಷಣ ಬಂತೆಂದು ಫೋನ್ ಗುರುತಿಸುತ್ತದೆ. ಹಲವು ಟವರ್‌ಗಳಿಂದ ಬಂದ ಸಿಗ್ನಲ್‌ಗಳ ನಡುವಿನ ಸಮಯದ ಅಂತರದಿಂದ ನೆಟ್‌ವರ್ಕಿನ ಸರ್ವರ್ ಸ್ಥಳ ಲೆಕ್ಕಹಾಕುತ್ತದೆ.

ತೊಡಕು ಇಲ್ಲೇ. ಮೊಬೈಲ್ ನೆಟ್‌ವರ್ಕ್ ಕಟ್ಟುವುದು ಫೋನಿಗೆ ಒಂದು ಟವರ್ ಚೆನ್ನಾಗಿ ಕೇಳಿಸಲಿ, ಉಳಿದವು ಅಡ್ಡ ಬರದಿರಲಿ ಎಂದು. ಸ್ಥಳ ಹೇಳಲು ಕನಿಷ್ಠ ಮೂರಾದರೂ ಟವರ್ ಕೇಳಿಸಬೇಕು. ಪಕ್ಕದ ಟವರ್ ಅಬ್ಬರಿಸುತ್ತಿದ್ದರೆ ದೂರದವುಗಳ ಸುಳಿವೂ ಸಿಗದು. ಪಕ್ಕದ್ದರ ಶಕ್ತಿ ಹೆಚ್ಚಿಸಿದಷ್ಟೂ ಸಮಸ್ಯೆ ಬಿಗಡಾಯಿಸುತ್ತದೆ. ಹಾಗಾಗಿ ಮ್ಯೂಟಿಂಗ್ ಬಂತು: ಸರದಿಯ ಪ್ರಕಾರ ಕೆಲವು ಟವರ್‌ಗಳು ತಮ್ಮ ಪಿಆರ್‌ಎಸ್ ತಡೆಹಿಡಿದು ದೂರದವಕ್ಕೆ ದಾರಿ ಬಿಡುತ್ತವೆ.

5ಜಿ ಕೊಟ್ಟ ತಿರುಪುಗಳು

2020ರಲ್ಲಿ ಅಂತಿಮಗೊಂಡ ‘ರಿಲೀಸ್ 16’ ಈ ಸಿಗ್ನಲನ್ನು 5ಜಿಗೆ ಹೊಸದಾಗಿ ರೂಪಿಸಿತು. ಈಗ ಪಿಆರ್‌ಎಸ್‌ನ ಬಹುತೇಕ ಗುಣಗಳನ್ನು ಬೇಕಾದಂತೆ ಹೊಂದಿಸಬಹುದು. ಮೊದಲನೆಯದು ಅಗಲ. ಬ್ಯಾಂಡ್‌ವಿಡ್ತ್ ಹೆಚ್ಚಿದಷ್ಟೂ ಸಮಯದ ಅಳತೆ ಸೂಕ್ಷ್ಮವಾಗುತ್ತದೆ. 4ಜಿಯ 20 ಮೆಗಾಹರ್ಟ್ಸ್‌ನಲ್ಲಿ ಅಳತೆಗೋಲಿನ ಒಂದು ಗೆರೆ ಸರಿಸುಮಾರು 15 ಮೀಟರ್‌ನಷ್ಟಾದರೆ, 100 ಮೆಗಾಹರ್ಟ್ಸ್‌ನಲ್ಲಿ 3 ಮೀಟರ್. 2022ರ ಹರಾಜಿನಲ್ಲಿ ಜಿಯೊ ಮತ್ತು ಏರ್‌ಟೆಲ್ 3.3 ಗಿಗಾಹರ್ಟ್ಸ್ ಬ್ಯಾಂಡಿನಲ್ಲಿ ಪಡೆದದ್ದು ಅಷ್ಟೇ ಅಗಲದ ಹರವು.

ಎರಡನೆಯದು ಹಂಚಿಕೆ. ಇದರ ಹೆಸರು ಕೋಂಬ್. ಬಾಚಣಿಗೆಯ ಹಲ್ಲುಗಳಂತೆ, ಪ್ರತಿ 2, 4, 6 ಅಥವಾ 12 ಉಪತರಂಗಗಳಿಗೊಂದರಲ್ಲಿ ಮಾತ್ರ ಒಂದು ಟವರಿನ ಸಿಗ್ನಲ್ ಇರುತ್ತದೆ. ನಡುವಿನ ಖಾಲಿ ಜಾಗ ಬೇರೆ ಟವರ್‌ಗಳಿಗೆ. ಕೋಂಬ್-12ರಲ್ಲಿ ಹನ್ನೆರಡು ಟವರ್‌ಗಳು ಒಂದೇ ಹೊತ್ತಿನಲ್ಲಿ, ಒಂದಕ್ಕೊಂದು ಡಿಕ್ಕಿಯಾಗದೆ ಸಿಗ್ನಲ್ ಕಳುಹಿಸಬಲ್ಲವು. ಮೂರನೆಯದು ಆವರ್ತನೆ. ದುರ್ಬಲ ಸಿಗ್ನಲನ್ನು 32 ಸಲದವರೆಗೆ ಮರುಕಳಿಸಿ ಒಟ್ಟುಗೂಡಿಸಬಹುದು. ಇಡೀ ಸುತ್ತನ್ನು 4 ಮಿಲಿಸೆಕೆಂಡಿಗೊಮ್ಮೆ ನಡೆಸಬಹುದು, 10 ಸೆಕೆಂಡಿಗೊಮ್ಮೆಯೂ ನಡೆಸಬಹುದು.

ಗಡಿಯಾರದ ಸಮಸ್ಯೆಗೂ ದಾರಿಯಿದೆ. ಒಂದೇ ತರಂಗಾಂತರ ಬಳಸುವ ಅಕ್ಕಪಕ್ಕದ 5ಜಿ ಟವರ್‌ಗಳ ನಡುವೆ 3 ಮೈಕ್ರೊಸೆಕೆಂಡ್ ವ್ಯತ್ಯಾಸವನ್ನು ಮಾನದಂಡ ಸಹಿಸುತ್ತದೆ. ಮಾತಿಗೆ, ಡೇಟಾಗೆ ಅದು ಲೆಕ್ಕಕ್ಕಿಲ್ಲ. ದೂರಕ್ಕೆ ತಿರುಗಿಸಿದರೆ 900 ಮೀಟರ್! ಅದಕ್ಕೇ ಮಲ್ಟಿ-ಆರ್‌ಟಿಟಿ ವಿಧಾನದಲ್ಲಿ ಫೋನ್ ಕೂಡ ಸಿಗ್ನಲ್ ಕಳುಹಿಸುತ್ತದೆ. ಪ್ರತಿ ಟವರಿನ ಜೊತೆ ಹೋಗಿಬರುವ ಒಟ್ಟು ಸಮಯ ಅಳೆದರೆ ಟವರ್‌ಗಳ ಗಡಿಯಾರಗಳು ಒಂದಕ್ಕೊಂದು ಹೊಂದಬೇಕಿಲ್ಲ. ಗೋಡೆಗೆ ಬಡಿದು ಸುತ್ತಿಬಳಸಿ ಬಂದ ತರಂಗ ಮಾತ್ರ ಈಗಲೂ ದೂರವನ್ನು ಹೆಚ್ಚಿಸಿ ತೋರಿಸುತ್ತದೆ. ಅಳತೆ ನೇರದಾರಿಯದ್ದೋ ಅಲ್ಲವೋ ಎಂಬ ಅಂದಾಜನ್ನೂ ಜೊತೆಗೆ ಕಳುಹಿಸುವ ವ್ಯವಸ್ಥೆ ‘ರಿಲೀಸ್ 17’ರಲ್ಲಿ ಬಂದಿದೆ.

ನಿಖರತೆಗೂ ಬೆಲೆಯಿದೆ

ಪಿಆರ್‌ಎಸ್‌ಗೆ ಕೊಟ್ಟ ಪ್ರತಿ ತುಣುಕೂ ಡೇಟಾದಿಂದ ಕಿತ್ತುಕೊಂಡದ್ದು. ಯಾರೂ ಸ್ಥಳ ಕೇಳದಿದ್ದಾಗಲೂ ಟವರ್ ಕೂಗುತ್ತಲೇ ಇದ್ದರೆ ವಿದ್ಯುತ್ತೂ ತರಂಗಾಂತರವೂ ದಂಡ. ಆದ್ದರಿಂದ 2022ರ ರಿಲೀಸ್ 17 ‘ಆನ್-ಡಿಮ್ಯಾಂಡ್ ಪಿಆರ್‌ಎಸ್’ ತಂದಿತು. ಫೋನ್ ಅಥವಾ ಸರ್ವರ್ ಬೇಕೆಂದಾಗ, ಬೇಕಾದಷ್ಟು ಅಗಲ ಮತ್ತು ಅವಧಿಗೆ ಸಿಗ್ನಲ್ ಕೇಳಿ ಪಡೆಯಬಹುದು. ಫೋನ್ ಅರೆನಿದ್ದೆಯ ಸ್ಥಿತಿಯಲ್ಲಿದ್ದರೂ ಅಳತೆ ಕೊಡಬಹುದಾದ್ದರಿಂದ ಬ್ಯಾಟರಿಯೂ ಉಳಿಯುತ್ತದೆ. ನಂತರದ ರಿಲೀಸ್ 18 ಬೇರೆ ಬೇರೆ ಹರವುಗಳನ್ನು ಜೋಡಿಸಿ ಅಗಲ ಹೆಚ್ಚಿಸುವ, ತರಂಗದ ಫೇಸ್ ಅಳೆಯುವ ದಾರಿ ತೆರೆದಿದೆ.

ತುರ್ತು ಕರೆಗೆ ಅಮೆರಿಕದ ನಿಯಮ ಕೇಳುವುದು 50 ಮೀಟರ್ ನಿಖರತೆ. ಕಾರ್ಖಾನೆಯ ಚಾಲಕರಹಿತ ಗಾಡಿಗಳಂಥ ಕೆಲಸಕ್ಕೆ ರಿಲೀಸ್ 17 ಇಟ್ಟುಕೊಂಡ ಗುರಿ 20 ಸೆಂಟಿಮೀಟರ್. ಎರಡಕ್ಕೂ ಒಂದೇ ಅಳತೆಯ ಸಿಗ್ನಲ್ ಕಟ್ಟಿದರೆ ಒಂದು ಕಡೆ ದುಂದು, ಇನ್ನೊಂದು ಕಡೆ ಕೊರತೆ. ಮಾನದಂಡ ಕೊಟ್ಟಿರುವುದು ತಿರುಪುಗಳನ್ನು ಮಾತ್ರ. ಯಾವುದನ್ನು ಎಲ್ಲಿ ಎಷ್ಟು ತಿರುಗಿಸಬೇಕೆಂಬ ಲೆಕ್ಕ ಆಯಾ ಜಾಗದ ಗೋಡೆ, ಜನ, ಅಗತ್ಯ ನೋಡಿ ನೆಟ್‌ವರ್ಕ್ ಎಂಜಿನಿಯರ್ ಹಾಕಬೇಕಾದದ್ದು.