ನಿಮಗಿದು ಗೊತ್ತೇ? ನೊರೆಯ ತೂಕ, ನೊರೆಯ ತಾಕತ್ತು

★ ಉಗರಗೋಳದ ಎಲ್ಲಮ್ಮನ ಗುಡ್ಡದ ಜಾತ್ರೆಯಲ್ಲಿ ಕೊಳ್ಳುವ ಚುರುಮುರಿಯೂ ಒಂದು ಪಾಲಿಮರ್ ನೊರೆ! ಅಕ್ಕಿಯ ಪಿಷ್ಟ ನಿಸರ್ಗವೇ ಹೆಣೆದ ಪಾಲಿಮರ್, ಅಂದರೆ ಉದ್ದ ಸರಪಳಿಯಂಥ ಅಣು. ಕಾದ ಉಸುಕಿನಲ್ಲಿ ಹುರಿದಾಗ ಕಾಳಿನೊಳಗಿನ ನೀರು ಉಗಿಯಾಗಿ, ಮೆತ್ತಗಾದ ಪಿಷ್ಟವನ್ನು ಉಬ್ಬಿಸುತ್ತದೆ. ಉಗಿ ಹೋದ ಮೇಲೆ ಉಬ್ಬಿದ್ದು ಉಬ್ಬಿದ ಹಾಗೇ ಬಿರುಸಾಗುತ್ತದೆ. ಅಕ್ಕಿಕಾಳು ಹಲ್ಲಿಗೂ ಜಗ್ಗದು, ಚುರುಮುರಿ ಬೆರಳಲ್ಲೇ ಪುಡಿ. ವಸ್ತು ಅದೇ, ಇಳಿದದ್ದು ಸಾಂದ್ರತೆ.

★ ಟಿವಿ ಡಬ್ಬಿಯೊಳಗಿನ ಥರ್ಮೋಕೋಲ್‌ನಲ್ಲಿ ಪ್ಲಾಸ್ಟಿಕ್ ಇರುವುದು ನೂರಕ್ಕೆ ಎರಡು ಪಾಲಿನಷ್ಟೇ. ಆ ಪ್ಲಾಸ್ಟಿಕ್ಕಾದ ಪಾಲಿಸ್ಟೈರೀನ್ ಗಟ್ಟಿಯಾಗಿದ್ದಾಗ ಘನ ಮೀಟರಿಗೆ ಸುಮಾರು 1050 ಕೆ.ಜಿ. ತೂಗುತ್ತದೆ, ಥರ್ಮೋಕೋಲ್ 15ರಿಂದ 20 ಕೆ.ಜಿ. ಉಳಿದದ್ದೆಲ್ಲ ಗಾಳಿ.

★ ನೊರೆಯ ಸಾಂದ್ರತೆಯನ್ನು ಅರ್ಧಕ್ಕಿಳಿಸಿದರೆ ಪೆಡಸುತನವೂ ಅರ್ಧವಾಗುತ್ತದೆಯೇ? ಇಲ್ಲ, ಕಾಲು ಭಾಗಕ್ಕೆ ಕುಸಿಯುತ್ತದೆ! ಒತ್ತಿದಾಗ ನೊರೆಯ ಕೋಣೆಗಳ ಎಳೆಗಳು ಬಾಗುತ್ತವೆ. ತೆಳ್ಳಗಾದಷ್ಟೂ ಅವು ಬೇಗ ಬಾಗುತ್ತವೆ. ಸಂಶೋಧಕರಾದ ಲೋರ್ನಾ ಗಿಬ್ಸನ್ ಮತ್ತು ಮೈಕೆಲ್ ಆಶ್ಬಿ 1988ರ ತಮ್ಮ ಪುಸ್ತಕದಲ್ಲಿ ಈ ಲೆಕ್ಕವನ್ನು ವಿವರವಾಗಿ ಕೊಟ್ಟರು. ತೆರೆದ ಕೋಣೆಗಳ ನೊರೆಗೆ ಈ ವರ್ಗದ ನಿಯಮ ಚೆನ್ನಾಗಿ ಹೊಂದುತ್ತದೆ. ಮುಚ್ಚಿದ ಕೋಣೆಗಳ ನೊರೆಯಲ್ಲಿ ಗೋಡೆಗಳೂ ಭಾರ ಹೊರುವುದರಿಂದ ಕುಸಿತ ಅಷ್ಟು ಕಡಿದಾಗಿರುವುದಿಲ್ಲ.

★ ಸವದತ್ತಿ ಸುತ್ತಲ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುವುದನ್ನು ನೋಡಿದ್ದೀರಲ್ಲ? ಇಂಥ ಯಂತ್ರಗಳ ಉದ್ದನೆಯ ರೆಕ್ಕೆ ಪೂರ್ತಿ ಗಟ್ಟಿ ವಸ್ತುವಿನದಲ್ಲ. ಹೊರಗೆ ಗಾಜಿನ ನಾರಿನ ಪದರ. ಹಲವು ಕಡೆ ಎರಡು ಪದರಗಳ ನಡುವೆ ಪಿವಿಸಿ ಅಥವಾ ಪೆಟ್ ನೊರೆಯ ಹಲಗೆ, ಇಲ್ಲವೇ ಬಾಲ್ಸಾ ಎಂಬ ಹಗುರ ಕಟ್ಟಿಗೆ. ನೊರೆಯ ಕೆಲಸ ಎರಡು ಪದರಗಳನ್ನು ದೂರ ಹಿಡಿದಿಡುವುದು. ಆ ದೂರ ಎರಡು ಪಟ್ಟಾದರೆ ಬಾಗುವಿಕೆಗೆ ಒಡ್ಡುವ ತಡೆ ಸುಮಾರು ನಾಲ್ಕು ಪಟ್ಟಾಗುತ್ತದೆ, ತೂಕ ಮಾತ್ರ ಅಷ್ಟೇನೂ ಏರುವುದಿಲ್ಲ. ಹಾಗೆಂದು ತೀರಾ ಹಗುರ ನೊರೆ ತುಂಬುವಂತಿಲ್ಲ. ಗಾಳಿಯ ಹೊಡೆತಕ್ಕೆ ಅದು ಜಜ್ಜಿಹೋದರೆ ಹೊರಪದರ ಸುಕ್ಕುಗಟ್ಟಿ ಮುರಿಯುತ್ತದೆ. ಘನ ಮೀಟರಿಗೆ 60 ಕೆ.ಜಿ. ತೂಗುವ ಪಿವಿಸಿ ನೊರೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 9 ಕೆ.ಜಿ. ಭಾರ ತಾಳುತ್ತದೆ. 200 ಕೆ.ಜಿ. ತೂಗುವುದು ತಾಳುವುದು 54 ಕೆ.ಜಿ.ಯಷ್ಟು. ತೂಕ ಮೂರು ಪಟ್ಟಿಗಿಂತ ತುಸು ಹೆಚ್ಚಾದರೆ ತಾಕತ್ತು ಆರು ಪಟ್ಟು! ಎಲ್ಲಿ ಯಾವ ಸಾಂದ್ರತೆ ಎಂಬ ತೀರ್ಮಾನದಲ್ಲೇ ರೆಕ್ಕೆಯ ಆಯುಷ್ಯ ಅಡಗಿದೆ. ವಿನ್ಯಾಸಕಾರರ ಈ ಲೆಕ್ಕಾಚಾರ ನನಗೆ ವಿದ್ಯುತ್ ಉತ್ಪಾದನೆಯಷ್ಟೇ ದೊಡ್ಡ ಸಾಧನೆಯಾಗಿ ಕಾಣುತ್ತದೆ.

★ ಇದೇ ವಿನ್ಯಾಸ ಆ ಗುಡ್ಡಗಳ ಕೆಳಗಿನ ಎರಿಹೊಲದಲ್ಲೂ ಇದೆ. ಆಳೆತ್ತರ ಮೀರಿ ಬೆಳೆಯುವ ಮಾಲದಂಡಿ ಜೋಳದ ದಂಟನ್ನು ಸೀಳಿ ನೋಡಿ: ಹೊರಗೆ ಬಿಗಿಯಾದ ಸಿಪ್ಪೆ, ಒಳಗೆ ಹಗುರ ಬೆಂಡು. ತೆನೆಯ ಭಾರ ಹೊತ್ತು ಹಿಂಗಾರಿನ ಗಾಳಿಗೆ ನಿಲ್ಲಲು ಇಷ್ಟು ಸಾಕು. ಹಳ್ಳಿಯ ಮಕ್ಕಳು ಬಂಡಿ ಕಟ್ಟಿ ಆಡುವುದೂ ಈ ಬೆಂಡಿನಿಂದಲೇ.

★ ಥರ್ಮೋಕೋಲ್ ಮೇಲೆ ಲಾರಿ ಓಡಬಲ್ಲದು! 1972ರಲ್ಲಿ ನಾರ್ವೆಯವರು ಮೆದು ನೆಲದ ಮೇಲೆ ಕುಸಿಯುತ್ತಿದ್ದ ರಸ್ತೆಯಡಿ ಮಣ್ಣಿನ ಬದಲು ಇದರ ದಿಮ್ಮಿಗಳನ್ನೇ ಜೋಡಿಸಿದರು.

★ ಗಾದಿ ಅಂಗಡಿಯಲ್ಲಿ ‘32 ಡೆನ್ಸಿಟಿ’, ‘40 ಡೆನ್ಸಿಟಿ’ ಎನ್ನುತ್ತಾರೆ. ಅದು ಒಂದು ಘನ ಮೀಟರ್ ಫೋಮಿನ ತೂಕ, ಕಿಲೋಗ್ರಾಂ ಲೆಕ್ಕದಲ್ಲಿ. 6 ಅಡಿ ಉದ್ದ, 3 ಅಡಿ ಅಗಲ, 4 ಇಂಚು ದಪ್ಪದ ಫೋಮು 32ರದ್ದಾದರೆ ಸುಮಾರು ಐದೂವರೆ ಕೆ.ಜಿ., 40ರದ್ದಾದರೆ ಏಳು ಕೆ.ಜಿ.ಗೆ ಸ್ವಲ್ಪ ಕಡಿಮೆ ತೂಗಬೇಕು. ತಕ್ಕಡಿಗೆ ಹಾಕಿಸಿ ನೋಡಿ, ಸಂಕೋಚ ಬೇಡ. ಆದರೆ ಸಾಂದ್ರತೆ ಹೆಚ್ಚಿದ್ದದ್ದು ಗಟ್ಟಿ ಗಾದಿ ಎಂದು ತಿಳಿಯಬೇಡಿ. ರಾಸಾಯನಿಕಗಳ ಪಾಕ ಬದಲಿಸಿ 40ರ ಫೋಮನ್ನು ಮೆತ್ತಗೂ ಮಾಡಬಹುದು, 28ರದ್ದನ್ನು ಬಿರುಸಾಗಿಯೂ ಮಾಡಬಹುದು. ಸಾಂದ್ರತೆ ಹೇಳುವುದು ಮುಖ್ಯವಾಗಿ ಬಾಳಿಕೆಯನ್ನು: ಹಗುರ ಫೋಮು ಬೇಗ ತಗ್ಗು ಬೀಳುತ್ತದೆ. ಸುಣ್ಣಕಲ್ಲಿನ ಪುಡಿ ಬೆರೆಸಿ ತೂಕ ಏರಿಸಿದ ಫೋಮೂ ಇರುತ್ತದೆ. ಅದರಲ್ಲಿ ತೂಕವಿರುತ್ತದೆ, ಬಾಳಿಕೆ ಇರುವುದಿಲ್ಲ.

★ ಸವದತ್ತಿಯಿಂದ ಎಲ್ಲಮ್ಮನ ಗುಡ್ಡಕ್ಕೆ ಬೈಕಿನಲ್ಲಿ ಹೋಗುವವರ ತಲೆ ಕಾಯುವುದೂ ಥರ್ಮೋಕೋಲೇ. ಹೆಲ್ಮೆಟ್ಟಿನೊಳಗಿನ ಪದರ ಅದರದ್ದು, ಟಿವಿ ಡಬ್ಬಿಯೊಳಗಿನದಕ್ಕಿಂತ ಹಲವು ಪಟ್ಟು ಸಾಂದ್ರ. ಬಿದ್ದಾಗ ಅದರ ಕೋಣೆಗಳು ಒಂದೊಂದೇ ಜಜ್ಜಿಹೋಗಿ ಹೊಡೆತವನ್ನು ನುಂಗುತ್ತವೆ. ಸಾಂದ್ರತೆ ಕಡಿಮೆಯಾದರೆ ಪದರ ಪೂರ್ತಿ ಅಪ್ಪಚ್ಚಿಯಾಗಿ ಪೆಟ್ಟು ತಲೆಗೇ ತಗಲುತ್ತದೆ. ಹೆಚ್ಚಾದರೆ ಅದು ಜಜ್ಜಿಹೋಗುವುದೇ ಇಲ್ಲ, ಆಗಲೂ ಪೆಟ್ಟು ತಲೆಗೇ. ಒಮ್ಮೆ ಜಜ್ಜಿಹೋದ ಕೋಣೆ ಮತ್ತೆ ಮೊದಲಿನಂತಾಗದು. ಆದ್ದರಿಂದ ಜೋರಾಗಿ ಬಿದ್ದ ಹೆಲ್ಮೆಟ್ಟು ಹೊರಗಿನಿಂದ ಎಷ್ಟೇ ಚೆನ್ನಾಗಿ ಕಂಡರೂ ಬದಲಿಸಲೇಬೇಕು.