ಹತ್ತರ ಮಗ್ಗಿಯ ನಕ್ಷತ್ರ

ಕಣ್ಣಿಗೆ ಪೊರೆ ಬಂದ ಮೇಲೆ ನನ್ನ ಕ್ರೋಶಾ ಕಡ್ಡಿಗಳನ್ನೆಲ್ಲ ಯಾರಿಗಾದರೂ ಕೊಟ್ಟುಬಿಡೋಣ ಅಂದುಕೊಂಡಿದ್ದೆ. ಬಿಳಿ ದಾರ ಯಾವುದು, ಕೆನೆಬಣ್ಣದ್ದು ಯಾವುದು ಎಂದೇ ತಿಳಿಯುತ್ತಿರಲಿಲ್ಲ. ಅಷ್ಟರಲ್ಲಿ ಮಗಳು ಎರಡನೇ ಹೆರಿಗೆಗೆ ತವರಿಗೆ ಬಂದಳು. ಜೊತೆಗೆ ಬೇಸಿಗೆ ರಜೆಯಲ್ಲಿದ್ದ ಮೂರನೇ ತರಗತಿಯ ಪುಟ್ಟಿಯೂ ಬಂದಳು.

"ನಾನು ಹುಟ್ಟಿದಾಗ ಹೊದಿಕೆ ಹೆಣೆದಿದ್ದೆಯಲ್ಲ ಅಜ್ಜಿ, ಪಾಪುಗೆ ಇಲ್ವಾ?" ಎಂದಳು. ಇಲ್ಲ ಎನ್ನಲು ನಾಲಿಗೆ ಬರಲಿಲ್ಲ.

ಫ್ರೆಂಚ್ ಭಾಷೆಯಲ್ಲಿ ಕ್ರೋಶೆ ಎಂದರೆ ಪುಟ್ಟ ಕೊಕ್ಕೆ. ಸ್ವೆಟರಿನ ಹೆಣಿಗೆಗೆ ಎರಡು ಕಡ್ಡಿ ಬೇಕು. ಇದಕ್ಕೆ ಕೊಕ್ಕೆಯಿರುವ ಒಂದೇ ಸಾಕು. ಆಂಧ್ರದ ನರಸಾಪುರದ ಹೆಂಗಸರು ಇದರಲ್ಲೇ ಲೇಸು ಹೆಣೆದು ಹೆಸರಾಗಿದ್ದಾರೆ.

ನಾವು ಆರಿಸಿದ್ದು ಐದು ಮೂಲೆಯ ನಕ್ಷತ್ರ. ಮೊದಲು ದಾರದ ಒಂದು ಉಂಗುರ. ಅದರೊಳಗೆ ಎರಡು ಕಂಬ, ಎರಡು ಸರಪಳಿ. ಹೀಗೆ ಐದು ಸಲ. ಒಟ್ಟು 10 ಕಂಬ. ಮುಂದಿನ ಸುತ್ತಿನಿಂದ ಮೂರೇ ನಿಯಮ. ತುದಿಯಲ್ಲಿ ಸರಪಳಿಯ ಸಂದಿಗೆ ಎರಡು ಕಂಬ, ಎರಡು ಸರಪಳಿ, ಮತ್ತೆ ಎರಡು ಕಂಬ. ಎರಡು ತುದಿಗಳ ನಡುವಿನ ಕಣಿವೆಯಲ್ಲಿ ಎರಡು ಕಂಬ ಬಿಟ್ಟು ದಾಟಬೇಕು. ಉಳಿದ ಕಡೆ ಕಂಬದ ಮೇಲೆ ಕಂಬ.

ಎರಡನೇ ಸುತ್ತಿಗೆ 20, ಮೂರನೆಯದಕ್ಕೆ 30. "ಅಜ್ಜಿ, ಇದು ಹತ್ತರ ಮಗ್ಗಿ!" ಎಂದು ಪುಟ್ಟಿ ಕುಣಿದಳು. ಎಣಿಸುವ ಕೆಲಸ ಅವಳದಾಯಿತು.

ಬಣ್ಣದ ಪಟ್ಟೆ ನನಗೆ ಕಾಣದು. ಅದಕ್ಕೆ ಐದು ಸುತ್ತಿಗೊಮ್ಮೆ ಉಬ್ಬಿನ ಪಟ್ಟೆ ಹಾಕಿದೆ. ಒಂದೇ ರಂಧ್ರದಲ್ಲಿ ಐದು ಕಂಬ ಹೆಣೆದು, ಕಡ್ಡಿ ಹೊರತೆಗೆದು, ಮೊದಲ ಕಂಬದ ತಲೆಗೆ ಮುಂದಿನಿಂದ ತೂರಿಸಿ, ಬಿಟ್ಟ ಕುಣಿಕೆಯನ್ನು ಅದರೊಳಗಿಂದ ಎಳೆದರೆ ದುಂಡಗೆ ಉಬ್ಬುತ್ತದೆ. ಪುಟ್ಟಿ ಅದಕ್ಕಿಟ್ಟ ಹೆಸರು ಬೋಂಡ. ಎರಡು ಕಂಬ, ಒಂದು ಬೋಂಡ. ಲೆಕ್ಕಕ್ಕೆ ಬೋಂಡವೂ ಒಂದೇ ಕಂಬ. ಬೆರಳಾಡಿಸಿದರೆ ಸಾಕು, ಎಷ್ಟನೇ ಸುತ್ತಿನಲ್ಲಿದ್ದೇನೆ ಎಂದು ತಿಳಿಯುತ್ತಿತ್ತು.

ಹನ್ನೆರಡನೇ ಸುತ್ತು ಮುಗಿದಾಗ ಪುಟ್ಟಿ ಮುಖ ಸಣ್ಣದು ಮಾಡಿ ಬಂದಳು. "120 ಇರಬೇಕು, 122 ಇದೆ." ಮಗು ತಪ್ಪಿ ಎಣಿಸಿರಬೇಕು ಎಂದೆ. ಅವಳು ಬಿಡಲಿಲ್ಲ. ನಕ್ಷತ್ರಕ್ಕೆ ಹತ್ತು ಬದಿ, ಬದಿಗೆ 12 ಕಂಬ. ಒಂದೊಂದಾಗಿ ಎಣಿಸಿ, ಅಕ್ಕಪಕ್ಕದ ಎರಡು ಬದಿಗಳಲ್ಲಿ 13 ಇರುವುದನ್ನು ತೋರಿಸಿದಳು. ಅವುಗಳ ನಡುವಿನ ಕಣಿವೆಯಲ್ಲಿ ಕಂಬ ಬಿಡುವುದನ್ನು ನಾನೇ ಮರೆತಿದ್ದೆ! ಅಲ್ಲಿಯವರೆಗೆ ಬಿಚ್ಚಿ ಮತ್ತೆ ಹೆಣೆದೆ.

25 ಸುತ್ತಿಗೆ ಹೊದಿಕೆ ಮುಗಿಯಿತು. ಮಕ್ಕಳೇ, 10ರಿಂದ 250ರವರೆಗೆ ಎಲ್ಲ ಸುತ್ತುಗಳನ್ನೂ ಕೂಡಿಸಿ ನೋಡಿ: 3,250 ಕಂಬ.

ಪಾಪು ಬಂದ. ನನ್ನ ಕಣ್ಣಿನ ಆಪರೇಷನ್ನೂ ಆಯಿತು. ಪಟ್ಟಿ ತೆಗೆದ ಮೇಲೆ ಹೊದಿಕೆ ಹರವಿ ನೋಡಿದರೆ, ಎಂಟನೇ ಸುತ್ತಿನಲ್ಲಿ ಬಿಳಿಯ ಬದಲು ಕೆನೆಬಣ್ಣ!

"ನನಗೆ ಆಗಲೇ ಗೊತ್ತಿತ್ತು," ಎಂದಳು ಪುಟ್ಟಿ. "ಲೆಕ್ಕ ಸರಿ ಇತ್ತಲ್ಲ ಅಜ್ಜಿ, ಅದಕ್ಕೇ ಸುಮ್ಮನಿದ್ದೆ."