ಶಾಯಿಪೆನ್ನು, ಜೆಲ್ ಪೆನ್ನು: ನಂಬಿಕೆ ಮತ್ತು ನಿಜ

ಅಕ್ಷರವನ್ನು ತಿದ್ದಿಕೊಳ್ಳಬೇಕೆಂಬ ಸದಿಚ್ಛೆಯಿಂದ ಅಂಗಡಿಗೆ ಹೋಗುವವರಿಗೆ ಹಿರಿಯರು ಹೇಳುವ ಮಾತುಗಳಲ್ಲಿ ಅನುಭವದ ಸಾರವಿರುವಂತೆಯೇ ಪರೀಕ್ಷೆಗೊಳಗಾಗದ ಲೋಕರೂಢಿಯೂ ಬೆರೆತಿರುವುದುಂಟು. ಶಾಯಿಪೆನ್ನಿನಲ್ಲಿ ಶಾಯಿಯ ಹರಿವನ್ನು ಹದದಲ್ಲಿಡುವ ರಚನೆಗೆ ಅಮೆರಿಕದ ಲೂಯಿಸ್ ವಾಟರ್‌ಮನ್ 1884ರಲ್ಲಿ ಪೇಟೆಂಟ್ ಪಡೆದನು. ಜಪಾನಿನ ಸಕುರಾ ಸಂಸ್ಥೆಯು ಜೆಲ್ ಪೆನ್ನನ್ನು ಮಾರುಕಟ್ಟೆಗೆ ತಂದದ್ದು 1984ರಲ್ಲಿ. ಈ ಎರಡು ಸಾಧನಗಳ ನಿಜವಾದ ಗುಣವನ್ನರಿಯದೆ ಒಂದನ್ನು ಪೂಜಿಸಿ ಇನ್ನೊಂದನ್ನು ಹಳಿಯುವುದು ನ್ಯಾಯವಲ್ಲ.

ನಂಬಿಕೆ: ಜೆಲ್ ಪೆನ್ನು ಬಾಲ್ ಪೆನ್ನಿನ ಮತ್ತೊಂದು ರೂಪವೇ, ಅದನ್ನು ಒತ್ತಿ ಬರೆಯಬೇಕು.

ಸತ್ಯ: ತುದಿಯಲ್ಲಿ ಉರುಳುವ ಗುಂಡು ಎರಡರಲ್ಲಿಯೂ ಉಂಟಾದರೂ, ಬಾಲ್ ಪೆನ್ನಿನ ಶಾಯಿ ಎಣ್ಣೆಯಂಶದ ಗಟ್ಟಿಯಾದ ಲೇಪವಾದುದರಿಂದ ಅದು ಒತ್ತಡವನ್ನು ಬೇಡುತ್ತದೆ. ಜೆಲ್ ಶಾಯಿಯಾದರೋ ನೀರನ್ನೇ ಆಧಾರವಾಗುಳ್ಳದ್ದು. ನಿಶ್ಚಲವಾಗಿರುವಾಗ ಮಂದವಾಗಿದ್ದು, ಗುಂಡು ಉರುಳಿದೊಡನೆ ತೆಳುವಾಗಿ ಹರಿದು, ಕಾಗದವನ್ನು ಸೇರಿದ ಮೇಲೆ ಮತ್ತೆ ಮಂದವಾಗುತ್ತದೆ. ಶಾಯಿಪೆನ್ನಿನಲ್ಲಿ ನಿಬ್ಬಿನ ಕಿರುಸೀಳು ಶಾಯಿಯನ್ನು ತಾನಾಗಿ ತುದಿಗೆ ಸೆಳೆಯುತ್ತದೆ. ಆದಕಾರಣ ಎರಡಕ್ಕೂ ಲಘುವಾದ ಸ್ಪರ್ಶವೇ ಸಾಕು. ಬೆರಳು ನೋಯುವಂತೆ ಒತ್ತುವುದು ಬಾಲ್ ಪೆನ್ನಿನಿಂದ ಬಂದ ಅಭ್ಯಾಸದ ಶೇಷವಾಗಿರಬಹುದು.

ನಂಬಿಕೆ: ನಿಬ್ಬಿನ ನುಣುಪು ಚಿನ್ನದಿಂದ ಬರುತ್ತದೆ, ಪೆನ್ನನ್ನು ಕ್ಷಣಕಾಲ ಪರರಿಗೆ ಕೊಟ್ಟರೂ ನಿಬ್ಬು ಕೆಡುತ್ತದೆ.

ಸತ್ಯ: ಚಿನ್ನವು ಮೃದುಲೋಹ. ಕಾಗದವನ್ನು ಮುಟ್ಟುವುದು, ನಿಬ್ಬಿನ ತುದಿಗೆ ಬೆಸೆದಿರುವ, ಆಸ್ಮಿಯಮ್, ರುಥೇನಿಯಮ್ ಮುಂತಾದ ಕಠಿನ ಲೋಹಗಳ ಮಿಶ್ರಣದ ಸಣ್ಣ ಮಣಿ. ಅದನ್ನು ಎಷ್ಟು ನಯವಾಗಿ ಉಜ್ಜಿದ್ದಾರೆ, ಸೀಳಿನ ಎರಡು ಕವಲುಗಳು ಎಷ್ಟು ಸಮನಾಗಿ ಕೂಡಿವೆ ಎಂಬುದರ ಮೇಲೆ ನುಣುಪು ನಿಂತಿದೆ. ಹಿಂದಿನ ಶಾಯಿಗಳ ಆಮ್ಲಾಂಶಕ್ಕೆ ಉಕ್ಕಿನಂತೆ ತುಕ್ಕು ಹಿಡಿಯದಿರುವುದೇ ಚಿನ್ನದ ಹಿರಿಮೆ. ನಾಲ್ಕು ಸಾಲು ಬರೆದ ಮಾತ್ರಕ್ಕೆ ಆ ಮಣಿ ಸವೆಯದು. ಬಲವಾಗಿ ಒತ್ತಿದರೆ ಕವಲುಗಳು ಅಗಲುವುದೇ ನಿಜವಾದ ಅಪಾಯ.

ನಂಬಿಕೆ: ಶಾಯಿಪೆನ್ನಿನ ಬರಹ ಶಾಶ್ವತ, ಜೆಲ್ ಬರಹ ಅಲ್ಪಾಯು.

ಸತ್ಯ: ಆಯುಸ್ಸು ಪೆನ್ನಿನದಲ್ಲ, ಬಣ್ಣದ್ದು. ನೀರಿನಲ್ಲಿ ಕರಗುವ ಬಣ್ಣದಿಂದಾದ ಸಾಮಾನ್ಯ ನೀಲಿ ಶಾಯಿ ನೀರು ತಗುಲಿದರೆ ಹರಡುತ್ತದೆ, ಬಿಸಿಲಿಗೆ ಮಾಸುತ್ತದೆ. ಕರಗದ ವರ್ಣಕಣಗಳುಳ್ಳ ಜೆಲ್ ಶಾಯಿ ಇವೆರಡನ್ನೂ ಹೆಚ್ಚು ತಾಳುತ್ತದೆ. ಆದರೆ ಉಜ್ಜಿ ಅಳಿಸತಕ್ಕ ಜೆಲ್ ಶಾಯಿಯೂ ಉಂಟು. ಅದು ಸುಮಾರು 60 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕಾಣದಂತಾಗುವುದರಿಂದ ಕಾಗದಪತ್ರಗಳಿಗೆ ಸಲ್ಲದು.

ನಂಬಿಕೆ: ಶಾಯಿಪೆನ್ನು ಹಿಡಿದರೆ ಅಕ್ಷರ ತಾನೇ ಮುತ್ತಾಗುತ್ತದೆ.

ಸತ್ಯ: ನಿಬ್ಬನ್ನು ಒಂದೇ ಓರೆಯಲ್ಲಿ ಹಿಡಿಯಬೇಕಾದುದರಿಂದ ಕೈಗೆ ಒಂದು ಶಿಸ್ತು ಬರುವುದು ದಿಟ, ಅಕ್ಷರದ ಆಕಾರವಾದರೋ ಅಭ್ಯಾಸದ ಫಲ. ಹೀರುವ ಕಾಗದದ ಮೇಲೆ ದಪ್ಪ ನಿಬ್ಬಿನಿಂದ ಬರೆದರೆ ಕನ್ನಡದ ಸುರುಳಿಗಳು ತುಂಬಿಹೋಗಿ, ಒತ್ತಕ್ಷರಗಳು ಒಂದರೊಳಗೊಂದು ಸೇರಿಕೊಳ್ಳುತ್ತವೆ, ಅಂಥಲ್ಲಿ 0.5 ಮಿಲಿಮೀಟರ್ ಗುಂಡಿನ ಜೆಲ್ ಪೆನ್ನು ಹೆಚ್ಚು ಸ್ಪಷ್ಟ.

ದೀರ್ಘಕಾಲ ಕುಳಿತು ಒಳ್ಳೆಯ ಕಾಗದದಲ್ಲಿ ಬರೆಯುವವರು, ಶಾಯಿ ತುಂಬುವ, ತೊಳೆಯುವ ಶ್ರಮಕ್ಕೆ ಬೇಸರಿಸದವರು ಶಾಯಿಪೆನ್ನನ್ನು ಆರಿಸಿಕೊಳ್ಳಲಿ. ಅವಸರದ ಟಿಪ್ಪಣಿಗೂ ಅಗ್ಗದ ಪುಸ್ತಕಕ್ಕೂ ಜೆಲ್ ಪೆನ್ನೇ ಯೋಗ್ಯ. ಯಾವುದನ್ನು ಹಿಡಿದರೂ ಒತ್ತದೆ, ಅವಸರಿಸದೆ, ದಿನವೂ ಒಂದು ಪುಟ ಬರೆಯುವವನ ಅಕ್ಷರ ತಿದ್ದಿಬರುವುದು ನಿಶ್ಚಯ.